ಶಾಸಕರ ನಿಧಿಯಿಂದ ಸರ್ಕಾರಿ ಶಾಲೆಗೆ ಸಿಗುವ ಸೇವೆ: ಕರಾವಳಿಯಿಂದ ಒಂದು ವಿಮರ್ಶೆ

ಕರ್ನಾಟಕದ ಪ್ರತಿಯೊಬ್ಬ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಗಳ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ವಿಧಾನ ಪರಿಷತ್ತಿನ ಸದಸ್ಯರಿಗೂ ಅಷ್ಟೇ ಇದೆ. ಈ ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿಗಳು ಮಂಜೂರಾತಿ ನೀಡುತ್ತಾರೆ, ಅನುಷ್ಠಾನದ ಹೊಣೆ ಹೊತ್ತ ಸಂಸ್ಥೆ ಕೆಲಸ ಮಾಡಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಯ, ಸದಸ್ಯನಾಗಿ ಈ ನಿಧಿಯಿಂದ ನಮ್ಮ ಶಾಲೆಯ ಮಾಡನ್ನು, ಅಂದರೆ ಛಾವಣಿಯನ್ನು, ಹೊಸದಾಗಿ ಕಟ್ಟಿಸಿಕೊಂಡ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನಾಗಲಿ, ಶಾಸಕರ ಹೆಸರನ್ನಾಗಲಿ, ಕಚೇರಿಗಳ ಹೆಸರನ್ನಾಗಲಿ ಇಲ್ಲಿ ಹೇಳಿಲ್ಲ. ಪಕ್ಷ ಯಾವುದಾದರೂ ಕ್ಷೇತ್ರ ಯಾವುದಾದರೂ ಈ ವ್ಯವಸ್ಥೆ ನಡೆಯುವ ದಾರಿ ಒಂದೇ ಆಗಿರುವುದರಿಂದ, ಉಳಿದ ಶಾಲೆಗಳ ಪಾಲಕರಿಗೂ ಇದು ಉಪಯೋಗಕ್ಕೆ ಬರಬಹುದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೇವೆ ಒಳ್ಳೆಯದು, ಫಲ ಕಣ್ಣಿಗೆ ಕಾಣುತ್ತದೆ. ಆದರೆ ಅದನ್ನು ಪಡೆಯಲು ಬೇಕಾದ ಓಡಾಟ ಹಾಗೂ ಕಾಗದಪತ್ರದ ತಿಳಿವಳಿಕೆ ಯಾವ ಶಾಲೆಗೆ ಅತ್ಯಂತ ಕಡಿಮೆ ಇರುತ್ತದೆಯೋ ಆ ಶಾಲೆಗೇ ನಿಧಿಯ ಅಗತ್ಯ ಹೆಚ್ಚಿರುತ್ತದೆ. ಶಾಸಕರು ಒಂದು ಶಾಲೆಯನ್ನು ನಿಜವಾಗಿ ಗುರುತಿಸಿದ್ದಾರೆಯೇ ಎಂಬುದಕ್ಕೆ ಅವರ ಲೆಟರ್‌ಹೆಡ್ಡಿನ ಮೇಲೆ ಆ ಶಾಲೆಯ ಹೆಸರು, ಕಾಮಗಾರಿಯ ಹೆಸರು ಮತ್ತು ಮೊತ್ತ ಬರೆದಿರುವುದೇ ಸಾಕ್ಷಿ. ಶಾಲು, ಹಾರ, ಫಲತಾಂಬೂಲಗಳು ಅದರ ನಂತರ ಬಂದರೆ ಶೋಭೆ.

ಹೀಗೆಂದ ಮಾತ್ರಕ್ಕೆ ಸನ್ಮಾನಕ್ಕೆ ಬೆಲೆಯಿಲ್ಲವೆಂದು ನಾನು ಭಾವಿಸಿಲ್ಲ. ನಮ್ಮ ಕಡೆ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಇಡೀ ಊರೇ ಸೇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ, ಇದೇ ಶಾಲೆಯಲ್ಲಿ ಅಕ್ಷರ ಕಲಿತು ಹೋದ ಮಕ್ಕಳನ್ನು ವೇದಿಕೆಗೆ ಕರೆದು ಶಾಸಕರ ಕೈಯಿಂದ ಪ್ರತಿಭಾ ಪುರಸ್ಕಾರ ಕೊಡಿಸುತ್ತಾರೆ. ಬಲೆ ಹೆಣೆಯುವ ಮನೆಯ ಹುಡುಗಿಯೊಬ್ಬಳ ಹೆಸರನ್ನು ಮೈಕಿನಲ್ಲಿ ಕರೆದಾಗ ಅವಳ ಕೇರಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನೋಡಿದ್ದೇನೆ. ಮುಂದಿನ ವರ್ಷ ಅದೇ ಕೇರಿಯಿಂದ ಶಾಲೆ ಬಿಡುವ ಮಾತು ಕೇಳಿಬರಲಿಲ್ಲ ಎಂಬುದನ್ನೂ ನಮ್ಮ ಅಕ್ಕೋರು (ಶಿಕ್ಷಕಿ) ಹೆಮ್ಮೆಯಿಂದ ಹೇಳುತ್ತಾರೆ. ಆಕ್ಷೇಪವಿರುವುದು ಸಮಯದ ಬಗ್ಗೆ. ಮುಖ್ಯ ಅತಿಥಿಗಳಿಗೆ ಅದೇ ಸಂಜೆ ಇನ್ನೂ ನಾಲ್ಕು ಕಡೆ ಕಾರ್ಯಕ್ರಮಗಳಿರುತ್ತವೆ. ಬಣ್ಣ ಹಚ್ಚಿಕೊಂಡು, ವೇಷ ಕಟ್ಟಿಕೊಂಡು ಕಾದು ಕುಳಿತ ಒಂದನೇ ತರಗತಿಯ ಮಕ್ಕಳು ಅವರು ಬರುವ ಹೊತ್ತಿಗೆ ತಾಯಂದಿರ ಮಡಿಲಲ್ಲಿ ನಿದ್ದೆ ಹೋಗಿರುತ್ತಾರೆ. ಮಕ್ಕಳ ಕಾರ್ಯಕ್ರಮವನ್ನು ಮೊದಲು ಮುಗಿಸಿ, ಸಭಾ ಕಾರ್ಯಕ್ರಮವನ್ನು ಅತಿಥಿಗಳು ಬಂದಾಗ ನಡೆಸಿದರೆ ಯಾರಿಗೂ ಅಗೌರವವಾಗುವುದಿಲ್ಲ.

ಈ ಜಿಲ್ಲೆಯಲ್ಲಿ ಜನಪ್ರತಿನಿಧಿ ಮತ್ತು ಶಿಕ್ಷಣದ ಸಂಬಂಧವನ್ನು ಅಳೆಯಲು ಒಂದು ಎತ್ತರದ ಅಳತೆಗೋಲು ಈಗಾಗಲೇ ಇದೆ. ದಿನಕರ ದೇಸಾಯಿಯವರು 1967ರಲ್ಲಿ ಪಕ್ಷೇತರರಾಗಿ ಕೆನರಾ (ಇಂದಿನ ಉತ್ತರ ಕನ್ನಡ) ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು; ಆದರೆ ಅದಕ್ಕೂ ಬಹಳ ಮೊದಲೇ, 1953ರಲ್ಲಿ, ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹೈಸ್ಕೂಲಿನ ಮುಖವನ್ನೇ ಕಾಣದಿದ್ದ ಊರುಗಳಲ್ಲಿ ಶಾಲೆಗಳನ್ನು ತೆರೆದಿದ್ದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಆರಂಭವಾದದ್ದೂ ಅದೇ ಟ್ರಸ್ಟಿನಿಂದ. ಚುಟುಕಗಳಿಂದ ನಾಡಿಗೆಲ್ಲ ಪರಿಚಿತರಾದ ಅವರನ್ನು ನಮ್ಮ ಕರಾವಳಿಯ ಹಾಲಕ್ಕಿ, ಅಂಬಿಗ, ಖಾರ್ವಿ, ನಾಮಧಾರಿ ಮನೆಗಳ ಹಿರಿಯರು ನೆನೆಯುವುದು ಹೆಚ್ಚಾಗಿ ಈ ಶಾಲೆಗಳ ಮೂಲಕವೇ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ 1919ರಿಂದಲೇ ಶಿಕ್ಷಣದ ಕೆಲಸದಲ್ಲಿ ತೊಡಗಿದೆ. ಅಂದರೆ ನಿಧಿ ಎಂಬ ವ್ಯವಸ್ಥೆ ಹುಟ್ಟುವುದಕ್ಕಿಂತ ಹಿಂದೆಯೇ ಜನ ತಾವಾಗಿಯೇ ಶಾಲೆ ಕಟ್ಟಿದ ಜಿಲ್ಲೆ ಇದು. ಇಂದಿನ ಶಾಸಕರಿಂದ ಅಷ್ಟು ದೊಡ್ಡ ಕೆಲಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇರುವ ನಿಧಿಯಲ್ಲಿ ಶಾಲೆಗೆ ಯೋಗ್ಯ ಪಾಲು ಕೊಡಿರೆಂದು ಕೇಳುವುದು ಖಂಡಿತ ನ್ಯಾಯ.

ಇನ್ನು ನಮ್ಮ ಕಾಮಗಾರಿಯ ವಿಷಯ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು ಇರುವ ಹಳೆಯ ಕಟ್ಟಡ ನಮ್ಮದು. ಗೋಡೆ ಗಟ್ಟಿಯಾಗಿತ್ತು, ಹಂಚನ್ನು ಹೊರುವ ಮರದ ಪಕಾಸು ಮತ್ತು ರೀಪುಗಳಿಗೆ ಗೆದ್ದಲು ಹಿಡಿದು, ಮಂಗಗಳು ಹಂಚನ್ನು ಸರಿಸಿ, ಮಳೆಗಾಲದಲ್ಲಿ ಎರಡು ಕೋಣೆಗಳನ್ನು ಮುಚ್ಚಬೇಕಾಗುತ್ತಿತ್ತು. ಎಸ್‌ಡಿಎಂಸಿಯ ಸಭೆಯಲ್ಲಿ ಠರಾವು ಮಾಡಿ, ಫೋಟೊಗಳನ್ನು ಲಗತ್ತಿಸಿ ಶಾಸಕರಿಗೆ ಮನವಿ ಕೊಟ್ಟೆವು. ಅವರು ಸೌಜನ್ಯದಿಂದಲೇ ಬರಮಾಡಿಕೊಂಡರು, ಶಾಲೆಯ ಮಕ್ಕಳ ಸಂಖ್ಯೆಯನ್ನು ಕೇಳಿದರು, ಮನವಿಯ ಅಂಚಿನಲ್ಲಿಯೇ ‘ನಿಯಮಾನುಸಾರ ಪರಿಶೀಲಿಸಿ’ ಎಂದು ಷರಾ ಬರೆದು ಸಹಿ ಹಾಕಿದರು. ಆ ಕಾಗದವನ್ನು ಹಿಡಿದು ಸಂತೋಷದಿಂದ ಹೋದ ನಮಗೆ ಕಚೇರಿಯಲ್ಲಿ ತಿಳಿದದ್ದೇನೆಂದರೆ, ಅಂಚಿನ ಷರಾ ಶಿಫಾರಸಾಗುವುದಿಲ್ಲ. ಶಿಫಾರಸು ಪತ್ರ ಬೇರೆಯೇ ಇರುತ್ತದೆ: ಅದು ಜಿಲ್ಲಾಧಿಕಾರಿಗಳ ಹೆಸರಿಗೆ ಇರಬೇಕು, ಯಾವ ಸಾಲಿನ ಅನುದಾನ, ಯಾವ ಗ್ರಾಮ, ಯಾವ ಕಾಮಗಾರಿ, ಎಷ್ಟು ಮೊತ್ತ, ಯಾವ ಸಂಸ್ಥೆಯ ಮೂಲಕ ಎಂಬುದೆಲ್ಲ ಅದರಲ್ಲಿರಬೇಕು, ಹೊರಹೋಗುವ ಪತ್ರದ ಸಂಖ್ಯೆ ಮತ್ತು ದಿನಾಂಕ ಬಿದ್ದಿರಬೇಕು. ಈ ವ್ಯತ್ಯಾಸವನ್ನು ಶಾಸಕರ ಜನಸಂಪರ್ಕ ಕಚೇರಿಯ ಬಾಗಿಲಲ್ಲೇ ಒಂದು ಫಲಕದಲ್ಲಿ ಬರೆದು ತೂಗುಹಾಕಿದರೆ ಎಷ್ಟೋ ಶಾಲೆಗಳ ಬಸ್ ಖರ್ಚು ಉಳಿಯುತ್ತದೆ. ಕೇಳಿದ ಮೇಲೆ ಆ ಕಚೇರಿಯ ಸಿಬ್ಬಂದಿ ಪತ್ರವನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿ ಕೊಟ್ಟರು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಎರಡನೆಯ ತೊಡಕು ಜಾಗದ್ದು, ಇದು ನಮ್ಮ ಜಿಲ್ಲೆಯ ಹಳೆಯ ಶಾಲೆಗಳಿಗೆಲ್ಲ ಸಾಮಾನ್ಯವಾದದ್ದು. ಮುಂಬಯಿ ಪ್ರಾಂತದ ಕಾಲದಲ್ಲಿ ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ಶಾಲೆ ನಿಂತಿರುತ್ತದೆ. ದಾನಪತ್ರ ಆಗಿರುವುದಿಲ್ಲ, ಪಹಣಿಯಲ್ಲಿ ಇನ್ನೂ ಆ ಮನೆತನದ ಹೆಸರೇ ಇರುತ್ತದೆ. ಇನ್ನು ಕೆಲವು ಶಾಲೆಗಳು ಅರಣ್ಯವೆಂದು ದಾಖಲಾದ ಜಾಗದಲ್ಲಿವೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ಇದು ಇನ್ನೂ ಕಠಿಣ. ಸಾರ್ವಜನಿಕ ಹಣದಿಂದ ಕಟ್ಟುವ ಆಸ್ತಿ ಸಾರ್ವಜನಿಕ ಜಾಗದಲ್ಲೇ ಇರಬೇಕೆಂಬ ನಿಯಮ ಸರಿಯಾದದ್ದೇ ಆಗಿದ್ದರೂ, ನೂರು ವರ್ಷಗಳಿಂದ ಊರಿನ ಮಕ್ಕಳು ಕಲಿಯುತ್ತಿರುವ ಜಾಗವನ್ನು ಶಾಲೆಯ ಹೆಸರಿಗೆ ಮಾಡಿಕೊಳ್ಳುವ ಹೊಣೆಯನ್ನು ಒಬ್ಬ ಮುಖ್ಯ ಶಿಕ್ಷಕಿ ಮತ್ತು ಕೂಲಿ ಬಿಟ್ಟು ಬರುವ ಪಾಲಕರ ಮೇಲೆ ಹಾಕುವುದು ಸರಿಯಲ್ಲ. ನಮಗೆ ದಾನಿಗಳ ಮೊಮ್ಮಕ್ಕಳು ದೊಡ್ಡ ಮನಸ್ಸಿನಿಂದ ಸಹಿ ಹಾಕಿಕೊಟ್ಟರು. ಎಲ್ಲ ಶಾಲೆಗಳಿಗೂ ಆ ಭಾಗ್ಯ ಇರುವುದಿಲ್ಲ. ಶಾಸಕರು ತಮ್ಮ ಕ್ಷೇತ್ರದ ಶಾಲೆಗಳ ಪಹಣಿಯ ಸಮಸ್ಯೆಯನ್ನು ಕಂದಾಯ ಮತ್ತು ಶಿಕ್ಷಣ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ ಬಗೆಹರಿಸಿದರೆ, ನಿಧಿಯ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಶಿಕ್ಷಣಕ್ಕೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ.

ಆಮೇಲೆ ಅಂದಾಜು ಪತ್ರಿಕೆ. ಎಂಜಿನಿಯರರು ಬಂದು ಅಳತೆ ತೆಗೆದುಕೊಂಡರು. ಕಬ್ಬಿಣದ ಚೌಕಟ್ಟಿನ ಮೇಲೆ ತಗಡಿನ ಶೀಟು ಹೊದಿಸುವುದು ಅವರ ಸಲಹೆಯಾಗಿತ್ತು. ಖರ್ಚು ಕಡಿಮೆ, ಮಂಗಗಳ ಕಾಟವಿಲ್ಲ ಎಂಬ ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುವ ಈ ತೀರದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಶೀಟಿನ ಕೆಳಗೆ ಕುಳಿತ ಮಕ್ಕಳಿಗೆ ಅಕ್ಕೋರ ಮಾತು ಕೇಳಿಸುವುದಿಲ್ಲ, ಏಪ್ರಿಲಿನಲ್ಲಿ ಕೋಣೆ ಕಾದು ಕೂರಲಾಗುವುದಿಲ್ಲ. ಸಮಿತಿಯ ತಾಯಂದಿರು ಇದನ್ನು ಬಲವಾಗಿ ಹೇಳಿದರು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಏಕೆ ಹೇಳುತ್ತದೆಂಬುದು ಆ ದಿನ ಸ್ಪಷ್ಟವಾಯಿತು. ಕೊನೆಗೆ ಕಬ್ಬಿಣದ ಚೌಕಟ್ಟು, ಮೇಲೆ ಹಂಚು ಎಂದು ತೀರ್ಮಾನವಾಗಿ ಅಂದಾಜು ಪತ್ರಿಕೆ ಬದಲಾಯಿತು. ನಮ್ಮ ಮಾತನ್ನು ಕೇಳಿ ಮತ್ತೊಮ್ಮೆ ಲೆಕ್ಕ ಹಾಕಿದ ಆ ಎಂಜಿನಿಯರರಿಗೆ ಪೂರ್ಣ ಅಂಕ.

ಕೆಲಸದ ಗುಣಮಟ್ಟಕ್ಕೆ ಪೂರ್ಣ ಅಂಕ ಕೊಡಲಾರೆ. ಹಂಚಿನ ಸಾಲು ನೇರವಾಗಿದೆ, ಸೋರಿಕೆ ನಿಂತಿದೆ, ಮುಚ್ಚಿದ್ದ ಎರಡೂ ಕೋಣೆಗಳಲ್ಲಿ ಈಗ ಪಾಠ ನಡೆಯುತ್ತಿದೆ. ಆದರೆ ವೆಲ್ಡಿಂಗ್ ಮಾಡಿದ ಮೂಲೆಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಸರಿಯಾಗಿ ಹಚ್ಚದೆ ಮೇಲೆ ಬಣ್ಣ ಬಳಿದಿದ್ದರಿಂದ, ಕಡಲ ಗಾಳಿಗೆ ಮೊದಲ ಮಳೆಗಾಲದಲ್ಲೇ ಆ ಕೀಲುಗಳಿಂದ ಕಂದು ನೀರು ಗೋಡೆಗೆ ಇಳಿಯಿತು. ಗುತ್ತಿಗೆದಾರರಿಗೆ ಹೇಳಿ ಮತ್ತೆ ಉಜ್ಜಿಸಿ ಬಣ್ಣ ಹಾಕಿಸಬೇಕಾಯಿತು. ಕಾಮಗಾರಿ ಮುಗಿದು ಬಳಕೆ ಪ್ರಮಾಣಪತ್ರ ಹೋಗುವ ಮೊದಲು ಎಸ್‌ಡಿಎಂಸಿಯ ಅಧ್ಯಕ್ಷರು ಕೆಲಸ ನೋಡಿ ಸಹಿ ಹಾಕಬೇಕೆಂಬ ಪದ್ಧತಿ ಇದ್ದರೆ ಇಂಥದ್ದು ಅಲ್ಲಿಯೇ ಸರಿಹೋಗುತ್ತದೆ. ನಾಮಫಲಕದ ಗ್ರಾನೈಟ್ ಕಲ್ಲಿಗೆ ಮಾತ್ರ ಯಾವ ಕೊರತೆಯೂ ಆಗಲಿಲ್ಲ. ಅಕ್ಷರ ದಪ್ಪವಾಗಿದೆ, ಮೊತ್ತ ಮತ್ತು ಅನುದಾನದ ವರ್ಷವನ್ನು ನಮೂದಿಸಿದ್ದಾರೆ. ಹಣ ಎಲ್ಲಿಂದ ಬಂತು, ಎಷ್ಟು ಬಂತು ಎಂದು ಊರಿನ ಯಾರು ಬೇಕಾದರೂ ಓದಬಹುದಾದ್ದರಿಂದ ಆ ಫಲಕ ಇರಲೇಬೇಕಾದದ್ದು.

ಸಂಸದರ ನಿಧಿಯನ್ನು ಏಕೆ ಕೇಳಲಿಲ್ಲವೆಂದು ಕೆಲವರು ವಿಚಾರಿಸಿದ್ದಾರೆ. 1993ರ ಡಿಸೆಂಬರಿನಲ್ಲಿ ಆರಂಭವಾದ ಆ ಯೋಜನೆಯಲ್ಲಿ ಈಗ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಕೇಳಲು ದೊಡ್ಡದಾದರೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ನಮ್ಮ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿವೆ. ಸಮನಾಗಿ ಹಂಚಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 62 ಲಕ್ಷ ಚಿಲ್ಲರೆ ಬರುತ್ತದೆ. ಒಂದು ಪ್ರಾಥಮಿಕ ಶಾಲೆಯ ಮಾಡಿಗೆ ಶಾಸಕರೇ ಹತ್ತಿರದ ದಾರಿ. ಪಶ್ಚಿಮ ಶಿಕ್ಷಕರ ಕ್ಷೇತ್ರ ಮತ್ತು ಪಶ್ಚಿಮ ಪದವೀಧರ ಕ್ಷೇತ್ರಗಳಿಂದ ವಿಧಾನ ಪರಿಷತ್ತಿಗೆ ಹೋಗುವವರನ್ನೂ ಶಾಲೆಗಳು ಕೇಳಬಹುದು. ನಮ್ಮಲ್ಲಿ ಬಹಳ ಮಂದಿಗೆ ಈ ಬಾಗಿಲು ಇದೆಯೆಂಬುದೇ ಗೊತ್ತಿಲ್ಲ.

ನಿಧಿಯಿಂದ ಆಗದ ಕೆಲಸಗಳೂ ಇವೆ, ಅಲ್ಲಿ ಶಾಸಕರ ಸೇವೆ ಸದನದಲ್ಲಿ ಬೇಕಾಗುತ್ತದೆ. ಶಿಕ್ಷಕರ ಖಾಲಿ ಹುದ್ದೆ, ಮಕ್ಕಳಿಗೆ ಹೊಂದುವ ಸಮಯಕ್ಕೆ ಬಸ್ಸು, ನದಿ ದಾಟಿ ಬರುವ ಮಕ್ಕಳಿಗೆ ಕಾಲುಸಂಕ, ಇವುಗಳಿಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾಗುತ್ತದೆ. ಕೊಟ್ಟ ಭರವಸೆ ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. 2020ರಲ್ಲಿ ಯಲ್ಲಾಪುರ ಭಾಗದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಸಿದ್ದಿ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರಾದರು. ಕಾಡಿನ ನಡುವಿನ ಶಾಲೆಯ ಕಷ್ಟವನ್ನು ಕಣ್ಣಾರೆ ಕಂಡವರು ಸದನದಲ್ಲಿರುವುದು ಎಲ್ಲ ಸನ್ಮಾನಗಳಿಗಿಂತ ದೊಡ್ಡ ಮನ್ನಣೆ ಎಂದು ನಾನು ನಂಬಿದ್ದೇನೆ.

ಐದು ಅಂಕಗಳಿಗೆ ಲೆಕ್ಕ ಹಾಕುವುದಾದರೆ ಸ್ಪಂದನೆಗೆ ನಾಲ್ಕು, ಮಾಹಿತಿ ಒದಗಿಸುವಿಕೆಗೆ ಎರಡು, ಕೆಲಸದ ಗುಣಮಟ್ಟಕ್ಕೆ ಮೂರೂವರೆ ಕೊಡುತ್ತೇನೆ. ಮನವಿ ಕೊಡಲಿರುವ ಶಾಲೆಗಳು ಪಹಣಿ, ಎಸ್‌ಡಿಎಂಸಿ ಠರಾವಿನ ನಕಲು, ಕಟ್ಟಡದ ಫೋಟೊ ಮತ್ತು ಶಾಲಾ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಮೊದಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಬೇಕು, ಪ್ರತಿ ಕಾಗದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಆರ್ಥಿಕ ವರ್ಷದ ಆರಂಭದಲ್ಲೇ, ಏಪ್ರಿಲ್ ಮೇ ತಿಂಗಳಲ್ಲಿ, ಶಿಫಾರಸು ಪತ್ರ ಆಗಿಬಿಟ್ಟರೆ ಮಳೆಗಾಲದಲ್ಲಿ ಮಂಜೂರಾತಿಯ ಕಾಗದ ಓಡಾಡುತ್ತದೆ, ನವೆಂಬರಿನಲ್ಲಿ ಕೆಲಸ ಹಿಡಿಯಬಹುದು. ತಡವಾದರೆ ಮತ್ತೊಂದು ಮಳೆಗಾಲ ಎದುರಾಗುತ್ತದೆ. ಚುನಾವಣೆ ಘೋಷಣೆಯಾದರೆ ನೀತಿ ಸಂಹಿತೆಯಿಂದ ಹೊಸ ಕಾಮಗಾರಿಗಳು ನಿಲ್ಲುವುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ನಮ್ಮ ಸಮಿತಿ ಈಗ ಹೆಣ್ಣುಮಕ್ಕಳ ಶೌಚಾಲಯಕ್ಕೆ ಮತ್ತು ಹಿಂಬದಿಯ ಪಾಗಾರಕ್ಕೆ (ಆವರಣ ಗೋಡೆಗೆ) ಎರಡನೆಯ ಮನವಿಯನ್ನು ಸಿದ್ಧಪಡಿಸಿದೆ, ಈ ಸಲ ಪಹಣಿ ಶಾಲೆಯ ಹೆಸರಿನಲ್ಲಿಯೇ ಇದೆ.