ಕಡಿದದ್ದಕ್ಕೆ ಪೂರ್ತಿ ಅಂಕ, ಸಾಗಿಸಿದ್ದಕ್ಕೆ ಸೊನ್ನೆ: ಖಾಲಿ ಸೈಟಿನ ಹುಲ್ಲು ತೆಗೆಸುವ ಸೇವೆ

ದೀಪಾವಳಿ ಕಳೆಯಿತೆಂದರೆ ಮಂಗಳೂರಿನ ದೇರೆಬೈಲು, ಕಾವೂರು, ಶಕ್ತಿನಗರದಿಂದ ಹಿಡಿದು ಉಡುಪಿ ಕಡೆಯ ಮಣಿಪಾಲ, ಪರ್ಕಳದವರೆಗೆ ಹುಲ್ಲಿನ ಮೆಷಿನ್ ಸದ್ದು ಶುರು. ಸೈಟಿನ ಯಜಮಾನರು ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ. ಒಂದು ಫೋನ್, ಇಬ್ಬರು ಆಳು, ಒಂದು ಯಂತ್ರ, ಮಧ್ಯಾಹ್ನದೊಳಗೆ ವಾಟ್ಸಾಪಿಗೆ ಫೋಟೊ. ಗಂಟೆ ಲೆಕ್ಕದ ಈ ಸೇವೆ ಬೆಂಕಿ ತಡೆಯುವ ಮಟ್ಟಿಗೆ ಎಷ್ಟು ಉಪಯೋಗ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಸೈಟ್ ಚಂದ ಕಾಣುವುದು ಬೇರೆ ವಿಷಯ.

ಕಡಿಯುವ ಕೆಲಸದಲ್ಲಿ ದೂರುವಂಥದ್ದು ಕಡಿಮೆ. ಸೊಂಟದೆತ್ತರದ ಮುಳಿಹುಲ್ಲು ಇರುವ 10 ಸೆಂಟ್ಸ್, ಅಂದರೆ 4,356 ಚದರಡಿ ಜಾಗವನ್ನು ಕೈ ಪಳಗಿದ ಆಳು ಎರಡು-ಮೂರು ಗಂಟೆಯಲ್ಲಿ ಮುಗಿಸುತ್ತಾನೆ. ಬುಡದಲ್ಲಿ ಎರಡು-ಮೂರು ಇಂಚು ಬಿಟ್ಟರೆ ಸಾಕು. ನೆಲಕ್ಕೆ ತಾಗಿಸಿ ಹೆರೆಯಲು ಹೋದರೆ ಬ್ಲೇಡು ಕಲ್ಲಿಗೆ ಬಡಿಯುತ್ತದೆ, ಕೆಲಸವೂ ನಿಧಾನ.

ಸೇವೆ ಎಡವುವುದು ಕಡಿದ ಮೇಲೆ. ಹುಲ್ಲನ್ನು ಅಲ್ಲೇ ಹಾಸಿಬಿಟ್ಟರೆ ಡಿಸೆಂಬರ್ ಬಿಸಿಲಿಗೆ ಎರಡು-ಮೂರು ದಿನದಲ್ಲಿ ಗರಿಗರಿ. ನಿಂತ ಹುಲ್ಲಿನಷ್ಟು ಎತ್ತರಕ್ಕೆ ಜ್ವಾಲೆ ಏಳುವುದಿಲ್ಲ ಎನ್ನುವುದು ನಿಜ, ಆದರೆ ಒಂದು ಬೀಡಿ ತುಂಡು ಸಾಕು, ಹಿಡಿದುಕೊಳ್ಳುತ್ತದೆ. ಇನ್ನೂ ಕೆಟ್ಟದ್ದು ಗುಡಿಸಿ ಕಾಂಪೌಂಡಿನ ಮೂಲೆಗೆ ಒಟ್ಟುವುದು. ನಿಂತ ಹುಲ್ಲು ಉರಿದರೆ ನಿಮಿಷಗಳಲ್ಲಿ ಮುಗಿಯಿತು. ರಾಶಿ ಹಾಗಲ್ಲ, ಗಂಟೆಗಟ್ಟಲೆ ಒಳಗೇ ಕೆಂಡವಾಗಿ ಉರಿಯುತ್ತದೆ. ಆ ಮೂಲೆಯ ಆಚೆ ಬದಿಯಲ್ಲಿ ಸಾಮಾನ್ಯವಾಗಿ ಇರುವುದು ಪಕ್ಕದ ಮನೆಯ ಕಾರು, ಮೇಲೆ ಸರ್ವಿಸ್ ವಯರ್, ಒಂದು ತೆಂಗಿನಮರ, ಅದರಲ್ಲಿ ನೇತಾಡುವ ಒಣ ಮಡಲು. ಕಡಿಸದೇ ಇದ್ದರೆ ಬೆಂಕಿ ಸೈಟಿನೊಳಗೆ ಮುಗಿಯುತ್ತಿತ್ತೇನೋ, ಕಡಿಸಿ ಗೋಡೆಗೆ ಒಟ್ಟಿದ್ದರಿಂದ ಆಚೆಮನೆಗೆ ಹೋಯಿತು ಎಂಬ ಸ್ಥಿತಿ.

ಆದ್ದರಿಂದ ದರ ಕೇಳುವಾಗ ‘ಗಂಟೆಗೆ ಎಷ್ಟು’ ಎನ್ನಬೇಡಿ. ಕಡಿದು, ಗುಡಿಸಿ, ಸಾಗಿಸಿ ಒಟ್ಟು ಎಷ್ಟು ಎಂದು ಕೇಳಿ. ಕಡಿಯಲು ಹಿಡಿದಷ್ಟೇ ಹೊತ್ತು ಗುಡಿಸಲೂ ಬೇಕು, ಕೆಲವೊಮ್ಮೆ ಹೆಚ್ಚು. ಹಳ್ಳಿ ಕಡೆ ಹಟ್ಟಿಗೆ ಹಾಸಲು, ತೆಂಗಿನ ಬುಡ ಮುಚ್ಚಲು ಕೇಳುವವರು ಸಿಗುತ್ತಾರೆ. ಎಲ್ಲಿಗೂ ಸಾಗದಿದ್ದರೆ ಸೈಟಿನ ನಡುಮಧ್ಯೆ ಗುಂಡಿ ತೋಡಿ, ತುಳಿದು, ನೀರು ಹೊಯ್ದು ಮಣ್ಣು ಎಳೆಯಬೇಕು. ಸುತ್ತ 10 ಅಡಿ ಬರಿ ನೆಲ ಇರಲಿ. ‘ಸಂಜೆ ನಾವೇ ಸುಟ್ಟು ಕೊಡ್ತೇವೆ’ ಎನ್ನುವವರೂ ಇದ್ದಾರೆ. ಬೇಡ. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಗೊತ್ತುಮಾಡಿದೆ.

ಇನ್ನು ಯಂತ್ರ. ನೈಲಾನ್ ದಾರದ ತಲೆಯೋ, ಮೂರು ಹಲ್ಲಿನ ಉಕ್ಕಿನ ಬ್ಲೇಡೋ ಎಂದು ಮೊದಲೇ ವಿಚಾರಿಸಿ. 2.4 ಮಿ.ಮೀ. ದಾರ ಮೆತ್ತನೆ ಹುಲ್ಲಿಗೆ ಸಾಕು, ಬಲಿತ ಮುಳಿಗೆ ಸುತ್ತಿಕೊಳ್ಳುತ್ತದೆ. ಬಲ್ಲೆಗೆ, ಅಂದರೆ ಪೊದೆಗೆ, ಬ್ಲೇಡೇ ಆಗಬೇಕು. ಒಣ ಹುಲ್ಲಿನಲ್ಲಿ ಬ್ಲೇಡು ಕಲ್ಲಿಗೋ ಕಬ್ಬಿಣಕ್ಕೋ ತಾಗಿದರೆ ಕಿಡಿ. ನಮ್ಮ ಮುರಕಲ್ಲು (ಕೆಂಪುಕಲ್ಲು) ಅಷ್ಟು ಗಟ್ಟಿಯಲ್ಲ, ಮೋಸ ಮಾಡುವುದು ಯಾರೋ ರಾತ್ರಿ ತಂದು ಸುರಿದ ಕಟ್ಟಡದ ಜಲ್ಲಿ, ಸರಳಿನ ತುಂಡು. ಹಾಗಾಗಿ ಜನವರಿ ನಂತರ ಬ್ಲೇಡಿನ ಕೆಲಸ ಬೆಳಗ್ಗೆ ಇಬ್ಬನಿ ಆರುವ ಮುಂಚೆ. ದಾರಕ್ಕೆ ಕಿಡಿಯ ಭಯವಿಲ್ಲ, ಆದರೆ ಹರಳು ಹಾರಿಸುತ್ತದೆ. 15 ಮೀಟರ್ ಒಳಗೆ ಜನವೂ ಇರಬಾರದು, ಕಾರೂ ನಿಲ್ಲಬಾರದು.

ಯಾರೂ ನೋಡದ ಜಾಗ ಸೈಲೆನ್ಸರ್. ಸ್ಟಿಲ್ (Stihl) ಕಂಪನಿಯ 2 ಸ್ಟ್ರೋಕ್ ಯಂತ್ರಕ್ಕೆ ಅದೇ ಕಂಪನಿಯ ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಬೇರೆ ಆಯಿಲ್ ಆದರೆ 40. ‘ಇಂಜಿನ್ ಹಿಡಿಯದಿರಲಿ’ ಎಂದು ಕಣ್ಣಂದಾಜಿಗೆ ಜಾಸ್ತಿ ಸುರಿದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಕಿಡಿ ತಡೆಯುವ ಜಾಲರಿ ಇರುವ ಯಂತ್ರದಲ್ಲಿ ಅದೂ ಮುಚ್ಚಿ ಇಂಜಿನ್ ಎಳೆಯುವುದಿಲ್ಲ. ಆಗ ಜಾಲರಿಯನ್ನೇ ಕಿತ್ತೆಸೆಯುತ್ತಾರೆ, ಕೆಂಡದ ಪುಡಿ ನೇರ ಹುಲ್ಲಿಗೆ. ಹೋಂಡಾದ 35.8 ಸಿಸಿ ಜಿಎಕ್ಸ್35 ಇಂಜಿನ್ 4 ಸ್ಟ್ರೋಕ್, ಬೆರೆಸುವ ರಗಳೆಯಿಲ್ಲ, 100 ಮಿ.ಲೀ. ಆಯಿಲ್ ಬೇರೆಯೇ ಹಾಕುವುದು. ಯಾವುದೇ ಇರಲಿ, ಬಿಸಿ ಇಂಜಿನ್ನನ್ನು ಹುಲ್ಲಿನ ಮೇಲಿಟ್ಟು ಪೆಟ್ರೋಲ್ ತುಂಬುವುದು ಕಂಡರೆ ಅಲ್ಲೇ ನಿಲ್ಲಿಸಿ. ಡಾಮರಿಗೆ ತಂದು, ಆರಿಸಿ, ಆಮೇಲೆ ತುಂಬಲಿ. ಎರಡು ಕೊಡ ನೀರು, ಒಂದು ಹಸಿ ಗೋಣಿ ಜೊತೆಗಿರಲೇಬೇಕು.

ಬಲ್ಲೆಯ ವಿಷಯದಲ್ಲಿ ಯಂತ್ರದ ಸೇವೆಗೆ ಅರ್ಧ ಅಂಕ. ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಳೆ ಪೊದೆ ಕಡಿದರೆ ಬುಡದಿಂದ ಮತ್ತೆ ನಾಲ್ಕು ಚಿಗುರು. ಅದನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನೆಲ ಹಸಿ ಇರುವಾಗ ಪಿಕ್ಕಾಸಿನಲ್ಲಿ ಬೇರುಸಮೇತ ಎಬ್ಬಿಸಬೇಕು; ಜನವರಿಗೆ ಕೆಂಪು ನೆಲ ಕಲ್ಲಾಗಿರುತ್ತದೆ. ಹುಲ್ಲು ಮಾತ್ರ ತೀರ ಬೇಗ ಕಡಿಸಬೇಡಿ. ಅಕ್ಟೋಬರಿನಲ್ಲಿ ಕಡಿಸಿದರೆ ಕೊನೆಯ ಮಳೆಗೆ ಮತ್ತೆ ಮೊಣಕಾಲಿಗೆ ಬರುತ್ತದೆ, ಇನ್ನೊಮ್ಮೆ ಖರ್ಚು. ನವೆಂಬರ್ ಕೊನೆ ಸರಿಯಾದ ಹೊತ್ತು. ಅಕೇಶಿಯಾ, ಗೇರುಮರ ಇದ್ದರೆ ಫೆಬ್ರವರಿಯಲ್ಲಿ ತರಗೆಲೆ ಗುಡಿಸಲು ಇನ್ನೊಂದು ಸುತ್ತು.

ಮೂಲೆಯಲ್ಲಿ ನಾಗಬನ ಇದ್ದರೆ ಯಂತ್ರ ಅತ್ತ ಹೋಗುವುದು ಬೇಡ; ಹೊರಗಿನ ಅಂಚನ್ನಷ್ಟೇ ಕೈಕತ್ತಿಯಲ್ಲಿ ಬಿಡಿಸಿದರೆ ಸಾಕು. ಹಾವುಗಳಿಗೆ ದಾರಿ ಬೇಕು, ಅದಕ್ಕೇ ರಸ್ತೆ ಬದಿಯಿಂದ ಶುರುಮಾಡಿ ಒಂದೇ ದಿಕ್ಕಿಗೆ ಸಾಗಬೇಕು, ಸುತ್ತುವರಿದು ಒಳಗೆ ಬರುವುದಲ್ಲ.

ಇಡೀ ಸೈಟಿಗೆ ಹಣವಿಲ್ಲ ಎನ್ನುವವರಿಗೆ: ಗಡಿಯುದ್ದಕ್ಕೂ 10 ಅಡಿ ಪಟ್ಟಿ, ಮಣ್ಣು ಕಾಣುವಷ್ಟು. ಬೇಸಗೆಯಲ್ಲಿ ಬೆಳಗ್ಗೆ ಮೂಡಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಗಾಳಿ. ಆದ್ದರಿಂದ ಮೂಡು-ಪಡು ಎರಡೂ ಬದಿಗೆ, ಗುಡ್ಡೆಯಾದರೆ ಮೇಲಿನ ಮನೆಯ ಬದಿಗೆ, ಪಟ್ಟಿ ಇನ್ನೂ ಅಗಲ.

ಔಷಧಿ ಹೊಡೆದು ಕೊಡುವ ಸೇವೆಗೆ ಅಂಕವೇ ಇಲ್ಲ. ಹುಲ್ಲು ಸಾಯುತ್ತದೆ, ಬೀಳುವುದಿಲ್ಲ. ನಿಂತಲ್ಲೇ ಒಣಗಿದ ಹುಲ್ಲಿಗಿಂತ ಒಳ್ಳೆಯ ಸೌದೆ ಬೇಕೆ? ಪಕ್ಕದಲ್ಲಿ ಬಾವಿ ಇದ್ದರೆ ಅದರ ಚಿಂತೆ ಬೇರೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಕೀಟನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿದೆ. ಬಾಟಲಿ ಹಿಡಿದು ಬಂದವರೆಲ್ಲ ಹೊಡೆಯುವಂತಿಲ್ಲ.

ನಿಮ್ಮದಲ್ಲ, ಪಕ್ಕದ ಸೈಟಿನ ಹುಲ್ಲೇ ಸಮಸ್ಯೆ ಎಂದಾದರೆ ದಾರಿ ಸ್ಥಳೀಯ ಸಂಸ್ಥೆಯದು. ಮಂಗಳೂರಿಗೆ 1976ರ ಪೌರನಿಗಮ ಕಾಯ್ದೆ, ಮಣಿಪಾಲವನ್ನೂ ಸೇರಿಸಿಕೊಂಡ ಉಡುಪಿ ನಗರಸಭೆಗೆ 1964ರ ಪುರಸಭೆ ಕಾಯ್ದೆ. ಕ್ರಮ ಹೀಗೆ: ಮಾಲೀಕರಿಗೆ ನೋಟಿಸ್, ಗಡುವು, ಮಾಡದಿದ್ದರೆ ಸಂಸ್ಥೆಯೇ ಮಾಡಿಸಿ ಖರ್ಚು ವಸೂಲಿ. ಕಾಗದದ ಮೇಲೆ ಚೆನ್ನ. ಆದರೆ ನೋಟಿಸ್ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಆ ವಿಳಾಸದಲ್ಲಿ ಈಗ ಯಾರಿದ್ದಾರೋ. ಆದ್ದರಿಂದ ಅರ್ಜಿ ನವೆಂಬರಿನಲ್ಲೇ ಕೊಡಿ, ಮಾರ್ಚಿನಲ್ಲಲ್ಲ. ಸರ್ವೆ ನಂಬರ್ ಬರೆದು, ಹುಲ್ಲು ನಿಮ್ಮ ಗೋಡೆಗೆ ಎಷ್ಟು ಅಡಿ ದೂರದಲ್ಲಿದೆ ಎಂಬ ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ವಯರಿಗೆ ಕೊಂಬೆ ತಾಗುತ್ತಿದ್ದರೆ ಅದು ವಿದ್ಯುತ್ ಕಂಪನಿ ಮೆಸ್ಕಾಂ ಕೆಲಸ, ಫೋನ್ 1912. ಬೆಂಕಿ ಕಂಡರೆ 101 ಅಥವಾ 112.

ದೂರದಲ್ಲಿದ್ದು ಕೆಲಸ ಮಾಡಿಸುವವರಿಗೆ ಇನ್ನೊಂದು ಮಾತು. ರಸ್ತೆಯಿಂದ ತೆಗೆದ ಫೋಟೊದಲ್ಲಿ ಎಲ್ಲ ಸೈಟೂ ಬೋಳು. ಹಿಂದಿನ ಗೋಡೆಯ ನಾಲ್ಕಡಿಯನ್ನು ಕಲ್ಲು ಜಾಸ್ತಿ ಎಂದು ಬಿಟ್ಟಿರುತ್ತಾರೆ. ಹಿಂದಿನ ಎರಡೂ ಮೂಲೆಯಲ್ಲಿ ನಿಂತು ಗೋಡೆಯ ಬುಡ ಕಾಣುವಂತೆ ಒಂದೊಂದು ಫೋಟೊ, ರಾಶಿ ಪಿಕಪ್ಪಿಗೆ ಏರಿದ್ದು ಇನ್ನೊಂದು. ಉಳಿದ ಹಣ ಆ ಮೂರು ಬಂದ ಮೇಲೆ.