ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇದೊಂದು ಕೈ ಪಂಪ್ ಇಟ್ಟುಕೊಳ್ಳಿ

ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್, ಅಂದರೆ ಗಾಳಿ ಎಳೆದು ಆ ಎಳೆತವನ್ನು ಅಳೆಯುವ ಸಾಧನ, ತಂದು ಆರು ತಿಂಗಳಾಯಿತು. ನನ್ನ ಹಳೆಯ ಪೆಟ್ರೋಲ್ ಆಟೋಮ್ಯಾಟಿಕ್ ಕಾರು ಗೇರ್ ಬದಲಿಸಲು ವಿಪರೀತ ತಡ ಮಾಡುತ್ತಿತ್ತು, ಎಂಜಿನ್ ಕಿರುಚಿ ಕಿರುಚಿ ಕೊನೆಗೆ ಯಾರೋ ಹಿಂದಿನಿಂದ ಒದ್ದ ಹಾಗೆ ಎರಡನೇ ಗೇರ್‌ಗೆ ಬೀಳುತ್ತಿತ್ತು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ.

ಟರ್ಬೋ ಹೈಡ್ರಾಮ್ಯಾಟಿಕ್ 350, ಫೋರ್ಡ್ ಸಿ4 ಥರದ ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಕಂಪ್ಯೂಟರ್ ಇಲ್ಲ. ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅಂತ ತಿಳಿಸುವುದು ಎಂಜಿನ್ ಗಾಳಿ ಹೀರುವ ಮ್ಯಾನಿಫೋಲ್ಡ್‌ನಿಂದ ಮಾಡ್ಯುಲೇಟರ್‌ಗೆ (ವ್ಯಾಕ್ಯೂಮ್ ನೋಡಿ ಶಿಫ್ಟ್ ಹೊಂದಿಸುವ ಗೇರ್‌ಬಾಕ್ಸ್ ಭಾಗ) ಹೋಗುವ ಒಂದು ಸಣ್ಣ ವ್ಯಾಕ್ಯೂಮ್ ಪೈಪು. ವ್ಯಾಕ್ಯೂಮ್ ಜಾಸ್ತಿ ಇದ್ದರೆ ಬೇಗ, ಮೆತ್ತಗೆ ಶಿಫ್ಟ್ ಆಗುತ್ತದೆ. ಕಡಿಮೆ ಇದ್ದರೆ ತಡವಾಗಿ, ಜೋರಾಗಿ. ಹಾಗಾಗಿ ಪೈಪು ಎಲ್ಲೋ ಬಿರುಕು ಬಿಟ್ಟಿದ್ದರೆ, ನಾವು ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೇವೆ ಅಂತಲೇ ಗೇರ್‌ಬಾಕ್ಸ್ ಅಂದುಕೊಳ್ಳುತ್ತದೆ, ಪಾಪ, ಅದರದ್ದೇನು ತಪ್ಪು?

ಐಡಲ್‌ನಲ್ಲಿ ಎಂಜಿನ್ ಹತ್ತಿರ ಗೇಜ್ 18 ಇಂಚು (ಪಾದರಸದ ಅಳತೆಯಲ್ಲಿ ವ್ಯಾಕ್ಯೂಮ್) ತೋರಿಸಿತು. ಒಳ್ಳೆಯ ಎಂಜಿನ್‌ಗೆ 17ರಿಂದ 21 ಇರಬೇಕು, ಎತ್ತರದ ಜಾಗದಲ್ಲಿ ಸ್ವಲ್ಪ ಕಡಿಮೆ. ಅದೇ ಪೈಪಿನ ಮಾಡ್ಯುಲೇಟರ್ ತುದಿಯಲ್ಲಿ ಬರೀ 9! ಆಮೇಲೆ ಮಾಡ್ಯುಲೇಟರ್‌ಗೇ ಪಂಪ್ ಹಚ್ಚಿ 18ಕ್ಕೆ ಎಳೆದೆ, ಮುಳ್ಳು ಅಲುಗಲಿಲ್ಲ, ಅಂದರೆ ಒಳಗಿನ ಡಯಾಫ್ರಮ್ (ತೆಳು ಪೊರೆ) ಗಟ್ಟಿ ಇದೆ. ಪೈಪಿನ ಒಳಗೂ ನೋಡಿದೆ, ಎಣ್ಣೆ ಇರಲಿಲ್ಲ. ಅಲ್ಲಿ ಗೇರ್ ಎಣ್ಣೆ ಸಿಕ್ಕಿ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತಿದ್ದರೆ ಡಯಾಫ್ರಮ್ ಹರಿದಿದೆ ಅಂತ ಅರ್ಥ, ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿರುತ್ತದೆ. ನನ್ನದರಲ್ಲಿ ಕೆಟ್ಟಿದ್ದು ಪೈಪಿನ ತಿರುವಿನಲ್ಲಿರುವ ಒಂದು ರಬ್ಬರ್ ಎಲ್ಬೋ, ಒಣಗಿ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಗೇರ್ ಬೀಳುವುದೇ ಗೊತ್ತಾಗುತ್ತಿಲ್ಲ, ಅಷ್ಟು ನಯ.

ಪಂಪ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಜೊತೆಗೆ ಬರುವ ರಬ್ಬರ್ ಕೋನ್‌ಗಳು ಸಡಿಲ, ಅವೇ ಲೀಕ್ ಆಗಿ ಮೊದಲ ದಿನ ನನ್ನ ದಾರಿ ತಪ್ಪಿಸಿದವು. ಅದಕ್ಕೇ ಪ್ರತಿ ಸಲ ತುದಿಯನ್ನು ಬೆರಳಿನಿಂದ ಮುಚ್ಚಿ, ಪಂಪೇ ವ್ಯಾಕ್ಯೂಮ್ ಹಿಡಿಯುತ್ತದೆಯೇ ಅಂತ ನೋಡಿಕೊಳ್ಳಿ. ಗೇಜ್ ಮೇಲಿನ ಅಂಕಿಗಳೂ ತೀರಾ ಚಿಕ್ಕವು, ಕಾರಿನ ಕೆಳಗೆ ಮಲಗಿ ಓದುವುದು ಕಷ್ಟ.

ವ್ಯಾಕ್ಯೂಮ್ ಎಲ್ಲಾ ಕಡೆ ಸರಿ ಇದ್ದೂ ಶಿಫ್ಟ್ ತಡವಾದರೆ ಈ ಪಂಪ್ ಸಾಲದು, ಎಣ್ಣೆಯ ಮಟ್ಟ ನೋಡಿ ಆಮೇಲೆ ಗವರ್ನರ್ (ಕಾರಿನ ವೇಗವನ್ನು ಗೇರ್‌ಬಾಕ್ಸ್‌ಗೆ ತಿಳಿಸುವ ಭಾಗ) ಕಡೆ ಹೋಗಬೇಕು.