ಕುಂಬಳೆಯಲ್ಲಿ ಎಂಟು ತಿಂಗಳು ತುಳಿದ ಸೈಕಲ್: ನಾಲ್ಕು ಸ್ಟಾರ್

ಗೇರ್ ಇಲ್ಲದ ಸಾದಾ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ಕಾಸರಗೋಡು ಪೇಟೆಯ ಸಣ್ಣ ಅಂಗಡಿಯೊಂದರಲ್ಲಿ 6,800 ರೂಪಾಯಿಗೆ ತೆಗೆದುಕೊಂಡೆ. ನನಗೆ 54. ಮೂರು ತಿಂಗಳ ಸರಾಸರಿ ಶುಗರ್ 7.6 ಬಂದಾಗ ಡಾಕ್ಟರು, "ಟೀಚರೇ, ಸ್ವಲ್ಪ ಮೈ ಬೆವರಬೇಕು" ಅಂದರು. "ಈ ವಯಸ್ಸಲ್ಲಿ ಸೈಕಲ್ಲಾ?" ಅಂತ ಮನೆಯವರು ನಕ್ಕರು.

ತುಳಿಯಲು ಹಗುರ, ಬ್ರೇಕ್ ಚೆನ್ನಾಗಿದೆ. ಸೀಟು ಮಾತ್ರ ಹಲಗೆ. ವಾರದೊಳಗೆ ಬದಲಿಸಿದೆ, 350 ಹೋಯಿತು. ಜೂನ್ ಮಳೆಗೆ ಚೈನ್ ತುಕ್ಕು ಹಿಡಿಯಿತು. ಕಡಲ ಗಾಳಿ ಬೇರೆ. ಚೈನಿಗೆ ತೆಂಗಿನೆಣ್ಣೆ ಮಾತ್ರ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ, ಕೆಂಪು ಮಣ್ಣೆಲ್ಲ ಅಂಟಿ ಪತ್ರೊಡೆಗೆ ಹಿಟ್ಟು ಹಚ್ಚಿದ ಹಾಗಾಯಿತು.

ಪೇಟೆಗೆ 15 ನಿಮಿಷ, ವಾಪಸ್ 15, ವಾರಕ್ಕೆ 5 ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ಮೀನು, ತರಕಾರಿ ತರುವುದರಲ್ಲೇ ಮುಗಿಯಿತು. ಶುಗರ್ ಈಗ 6.9. ರಾತ್ರಿ ಅನ್ನವನ್ನೂ ಕಡಿಮೆ ಮಾಡಿದ್ದೇನೆ, ಪೂರ್ತಿ ಹೆಸರು ಸೈಕಲ್ಲಿಗೆ ಕೊಡಲಾರೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ದಾರಿಯ ಸಿಟ್ಟಿಗೆ. ಹೆದ್ದಾರಿ ಆರು ಪಥವಾದ ಮೇಲೆ ನಮಗೆ ಉಳಿದದ್ದು ಸರ್ವಿಸ್ ರೋಡ್. ಬಸ್ಸೂ ಅಲ್ಲೇ, ಎದುರಿನಿಂದ ನುಗ್ಗುವ ರಿಕ್ಷಾನೂ ಅಲ್ಲೇ, ನಾನೂ ಅಲ್ಲೇ. ನಡೆಯುವವರಿಗೆ ಚರಂಡಿಯ ಸ್ಲ್ಯಾಬ್. ಬಸ್ಸಿಗೆ ಹೆದರಿ ಒಮ್ಮೆ ಸ್ಲ್ಯಾಬ್ ಹತ್ತಿಸಿದೆ. ಸಂದಿಯಲ್ಲಿ ಚಕ್ರ ಸಿಕ್ಕಿತು. ಮೊಣಕಾಲು ತರಚಿತು, ಬಸಳೆ ಕಟ್ಟು ಚರಂಡಿ ಸೇರಿತು.

ಬಾರ್ಸಿಲೋನಾದಲ್ಲಿ ಕೆಲವು ಬೀದಿಗಳನ್ನು ಒಟ್ಟು ಸೇರಿಸಿ, ಹಾದುಹೋಗುವ ವಾಹನಗಳನ್ನು ಹೊರಗಿಟ್ಟು, ಒಳಗಿನ ಜಾಗವನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಡುತ್ತಾರೆ. ಅಂಥ 503 ಕಡೆ ಆದರೆ ವರ್ಷಕ್ಕೆ 667 ಅಕಾಲ ಸಾವು ತಪ್ಪೀತು ಅಂತ ಅಲ್ಲಿನ ಸಂಶೋಧಕರ ಅಂದಾಜು. ಅದರಲ್ಲಿ 291 ಹೊಗೆ ಕಡಿಮೆಯಾಗಿ, 163 ಸದ್ದು ಕಡಿಮೆಯಾಗಿ. ಮೈ ದಣಿಸಿದ್ದಕ್ಕೆ ಬರೀ 36! ಅಂದರೆ ಜಗಲಿಯಲ್ಲಿ ಸುಮ್ನೆ ಕೂತು ಎಲೆ ಅಡಿಕೆ ಹಾಕುವ ನಮ್ಮ ಅತ್ತೆಗೇ ಲಾಭ ಜಾಸ್ತಿ, ಅಲ್ವಾ?

ಈಗ ನಾನು ತೋಟದ ಬದಿಯ ಒಳದಾರಿ ಹಿಡಿಯುತ್ತೇನೆ. ಐದು ನಿಮಿಷ ಜಾಸ್ತಿ, ನಾಯಿ ಎರಡು. ಕಂಪನಿಯವರು ಕೊಡುವ ಬೆಲ್ ಅವಕ್ಕೆ ಕೇಳಿಸುವುದೇ ಇಲ್ಲ. ಅಂಗಡಿಯಲ್ಲೇ ಜೋರಿನದ್ದು ಹಾಕಿಸಿಕೊಳ್ಳಿ, 60 ರೂಪಾಯಿ.